ಗುರಿ ತಪ್ಪಿತೇ? ತೋಟಾವನ್ನು ದೂರುವ ಮುನ್ನ

ಕಳೆದ ವಾರ ರೂಪಾಯಿ ನಾಣ್ಯದಷ್ಟು ಅಗಲದೊಳಗೆ ಬಿದ್ದ ಐದು ಗುಂಡುಗಳು ಈ ವಾರ ಅಂಗೈಯಗಲಕ್ಕೆ ಚದುರುತ್ತವೆ. ರೈಫಲ್ ಅದೇ, ಹಾರಿಸುವ ಕೈ ಅದೇ, ದೂರವೂ ಅದೇ. ತೋಟಾಗಳನ್ನು ತಾವೇ ತುಂಬಿಕೊಳ್ಳುವ ಗುರಿಕಾರರಿಗೆ ಇಂತಹ ಹೊತ್ತಿನಲ್ಲಿ ಮೊದಲ ಅನುಮಾನ ಬರುವುದು ಮದ್ದಿನ ಮೇಲೆ. ಆ ಅನುಮಾನ ಅನೇಕ ವೇಳೆ ತಪ್ಪಾಗಿರುತ್ತದೆ. ಕಾರಣ ತಿಳಿಯದೆ ಮದ್ದಿನ ಪ್ರಮಾಣವನ್ನು ಹೆಚ್ಚಿಸುತ್ತ, ತಗ್ಗಿಸುತ್ತ ಹೋಗುವವರು ಕಾಲ ಮತ್ತು ಹಣವನ್ನಷ್ಟೇ ಅಲ್ಲ, ತಮ್ಮ ಕಣ್ಣು, ಕೈಗಳನ್ನೂ ಅಪಾಯಕ್ಕೆ ಒಡ್ಡುತ್ತಾರೆ.

ಕೈಭರ್ತಿ ತೋಟಾ ಎಂದರೇನು?

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕಿಡಿ ಹಾರಿಸುವ ಕೇಪು, ಒಳಗಿನ ಮದ್ದು ಮತ್ತು ಮೂತಿಯಲ್ಲಿ ಕೂರುವ ಗುಂಡು. ಹಾರಿಸಿದ ನಂತರ ಉಳಿಯುವುದು ಕವಚ ಮಾತ್ರ. ಅದನ್ನು ಎಸೆಯದೆ, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ತೂಗಿದ ಮದ್ದು, ಹೊಸ ಗುಂಡು ಸೇರಿಸಿದರೆ ಅದು ಕೈಭರ್ತಿ ತೋಟಾ. ಅಮೆರಿಕದಲ್ಲಿ ಇದು ಹಳೆಯ, ವ್ಯಾಪಕ ಹವ್ಯಾಸ. ಸ್ವಂತ ಬಳಕೆಗೆ ತುಂಬಿಕೊಳ್ಳುವವರಿಗೆ ಅಲ್ಲಿನ ಒಕ್ಕೂಟ ಸರ್ಕಾರದ ಕಾನೂನಿನಡಿ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತಯಾರಿಸುವವರಿಗೆ ಬೇಕು.

ಕೆಲವರು ಖರ್ಚು ಉಳಿಸಲು, ಮತ್ತೆ ಕೆಲವರು ಅಂಗಡಿಯಲ್ಲಿ ಸುಲಭವಾಗಿ ಸಿಗದ ಹಳೆಯ ಅಳತೆಯ ತೋಟಾಗಳಿಗಾಗಿ ಈ ಕೆಲಸಕ್ಕೆ ಇಳಿಯುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದಗಳ ಮೂಲಕ ಕನ್ನಡಿಗರಿಗೆ ಆಪ್ತರಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಬಳಸುತ್ತಿದ್ದ 405 ವಿಂಚೆಸ್ಟರ್ ಅಂತಹ ಹಳೆಯ ಅಳತೆಗಳಲ್ಲೊಂದು. ಆದರೆ ಬಹುತೇಕ ಗುರಿಕಾರರನ್ನು ಸೆಳೆಯುವುದು ನಿಖರತೆಯ ಆಸೆ. ತಮ್ಮ ರೈಫಲ್‌ನ ನಳಿಗೆಗೆ ಒಪ್ಪುವ ತೋಟಾವನ್ನು ತಾವೇ ಹೊಂದಿಸಿಕೊಳ್ಳಬಹುದೆಂಬ ನಂಬಿಕೆ ಅದು. ನಂಬಿಕೆ ಸುಳ್ಳಲ್ಲ, ಆದರೆ ಅದಕ್ಕೆ ತಾಳ್ಮೆಯ ಷರತ್ತಿದೆ.

ಮಿಲ್ಫರ್ಡ್‌ನ ವೈದ್ಯ

ಈ ತಾಳ್ಮೆಗೆ ಅತ್ಯುತ್ತಮ ನಿದರ್ಶನ ಫ್ರಾಂಕ್ಲಿನ್ ಮ್ಯಾನ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಲ್ಫರ್ಡ್‌ನ ಈ ವೈದ್ಯ ದಶಕಗಳ ಕಾಲ ಕೇಳಿದ್ದು ಒಂದೇ ಪ್ರಶ್ನೆ: ಒಂದೇ ನಳಿಗೆಯಿಂದ ಹೊರಟ ಎರಡು ಗುಂಡುಗಳು ಒಂದೇ ರಂಧ್ರದಲ್ಲಿ ಏಕೆ ಬೀಳುವುದಿಲ್ಲ? ಮನುಷ್ಯನ ಕೈನಡುಕವನ್ನು ಲೆಕ್ಕದಿಂದ ತೆಗೆದುಹಾಕಲು ಅವರು ಕಾಂಕ್ರೀಟಿನ ಭಾರೀ ಪೀಠವೊಂದನ್ನು ಕಟ್ಟಿಸಿ, ಅದರ ಮೇಲೆ ಬರಿಯ ನಳಿಗೆಯನ್ನು ಕೂರಿಸಿ ಹಾರಿಸಿದರು. ಅಲುಗದ ಬಂಡೆಗೆ ಹೆಸರಾದ ಜಿಬ್ರಾಲ್ಟರಿನ ಹೆಸರನ್ನೇ ಆ ಪೀಠಕ್ಕೆ ಇಟ್ಟಿದ್ದರು.

ಗುಂಡಿನ ಮೂತಿಯನ್ನು ಬೇಕೆಂದೇ ವಿರೂಪಗೊಳಿಸಿ ಹಾರಿಸಿದಾಗ ಗುರಿ ಹೆಚ್ಚು ಕೆಡಲಿಲ್ಲ. ಬುಡವನ್ನು ಒಂದು ಕಡೆ ಸವೆಸಿದಾಗ ಮಾತ್ರ ಗುಂಡು ದಾರಿ ಬಿಟ್ಟಿತು. ಗುಂಡು ನಳಿಗೆಯ ಬಾಯಿಯನ್ನು ದಾಟುವ ಕ್ಷಣದಲ್ಲಿ ಹಿಂದಿನಿಂದ ನುಗ್ಗುವ ಅನಿಲ ಬುಡದ ಸುತ್ತ ಸಮವಾಗಿ ಹೊರಬರಬೇಕು; ಒಂದು ಬದಿಯಲ್ಲಿ ಮೊದಲು ದಾರಿ ಸಿಕ್ಕಿದರೆ ಅದು ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. 1909ರಲ್ಲಿ ಪ್ರಕಟವಾದ ಅವರ 'ದಿ ಬುಲೆಟ್ಸ್ ಫ್ಲೈಟ್' ಗ್ರಂಥದಲ್ಲಿ ಈ ಪ್ರಯೋಗಗಳ ವಿವರಗಳಿವೆ. ಮ್ಯಾನ್ ಅವರ ಫಲಿತಾಂಶಗಳಿಗಿಂತ ಅವರ ವಿಧಾನವೇ ದೊಡ್ಡದು. ಉಳಿದೆಲ್ಲವನ್ನೂ ಕದಲದಂತೆ ಇಟ್ಟು ಒಮ್ಮೆಗೆ ಒಂದನ್ನು ಮಾತ್ರ ಬದಲಿಸುವುದು ಆ ವಿಧಾನ. ಇಂದಿನ ಹವ್ಯಾಸಿಗಳು ಮೊದಲು ಮರೆಯುವುದು ಇದನ್ನೇ.

ಮೊದಲು ರೈಫಲ್, ನಂತರ ತೋಟಾ

ಗುರಿ ಚದುರಿದಾಗ ಮಾಡಬೇಕಾದ ಮೊದಲ ಕೆಲಸ ಸರಳವಾದದ್ದು. ಹೆಸರಾಂತ ಕಾರ್ಖಾನೆಯ ಸ್ಪರ್ಧಾ ದರ್ಜೆಯ ಒಂದು ಪೆಟ್ಟಿಗೆ ತೋಟಾ ತಂದು ಅದೇ ರೈಫಲ್‌ನಲ್ಲಿ ಹಾರಿಸುವುದು. ಅವೂ ಚದುರಿದರೆ ಕೈಭರ್ತಿ ತೋಟಾ ಬಹುಮಟ್ಟಿಗೆ ನಿರ್ದೋಷಿ. ಈ ಒಂದು ಪೆಟ್ಟಿಗೆಯ ಬೆಲೆಗೆ ಹಿಂದೇಟು ಹಾಕಿ, ಅದರ ಹತ್ತರಷ್ಟು ಮೊತ್ತವನ್ನು ಮದ್ದು, ಗುಂಡುಗಳ ಮೇಲೆ ಸುರಿಯುವವರು ಕಡಿಮೆಯಿಲ್ಲ.

ಆಗ ಕೈಗೆ ಸ್ಕ್ರೂಡ್ರೈವರ್ ಬರಬೇಕು. ದುರ್ಬೀನನ್ನು ಹಿಡಿದಿರುವ ಬಳೆಗಳ ತಿರುಪುಗಳು ಸಡಿಲಗೊಂಡಿರುವುದು ತೀರಾ ಸಾಮಾನ್ಯ. ಲೋಹದ ಭಾಗವನ್ನು ಕೋವಿಯ ಮರಕ್ಕೆ ಬಿಗಿದ ತಿರುಪುಗಳನ್ನೂ ನೋಡಬೇಕು. ನಳಿಗೆ ಮರಕ್ಕೆ ಎಲ್ಲಿಯೂ ತಾಗಬಾರದೆಂದು ರೂಪಿಸಿದ ರೈಫಲ್‌ನಲ್ಲಿ ಎರಡರ ನಡುವೆ ಒಂದು ನೋಟು ಸಲೀಸಾಗಿ ಜಾರಬೇಕು. ಮಳೆಗಾಲದಲ್ಲಿ ಮರ ಉಬ್ಬಿ ಆ ಸಂದು ಮುಚ್ಚಿದ್ದರೆ, ಮದ್ದು ಎಷ್ಟು ಬದಲಿಸಿದರೂ ಫಲವಿಲ್ಲ. ಮೊದಲೆರಡು ಗುಂಡು ಸರಿಯಾಗಿ ಬಿದ್ದು, ನಳಿಗೆ ಕಾದಂತೆ ಉಳಿದವು ಒಂದೇ ದಿಕ್ಕಿಗೆ ಸಾಲಾಗಿ ಸರಿದರೆ ಈ ಅನುಮಾನ ಬಲವಾಗುತ್ತದೆ.

ನಳಿಗೆಯ ಬಾಯಿಯ ಅಂಚು ಇನ್ನೊಂದು ಗುಪ್ತ ಶತ್ರು. ಶುಚಿಗೊಳಿಸುವ ಸಲಾಕೆಯನ್ನು ಬಾಯಿಯ ಕಡೆಯಿಂದ ತೂರಿಸುವ ಅಭ್ಯಾಸದಿಂದ ಆ ಅಂಚು ಒಂದು ಬದಿ ಸವೆದಿದ್ದರೆ, ಮ್ಯಾನ್ ಗುಂಡಿನ ಬುಡದಲ್ಲಿ ಕಂಡ ತೊಂದರೆಯೇ ಇಲ್ಲಿ ನಳಿಗೆಯಿಂದ ಉಂಟಾಗುತ್ತದೆ. ಒಳಗೆ ಮೆತ್ತಿಕೊಂಡ ತಾಮ್ರ ಮತ್ತು ಸುರುಳಿ ತೋಡುಗಳು ಆರಂಭವಾಗುವ ಗಂಟಲಿನ ಸವೆತ ನಿಧಾನವಾಗಿ ಬರುವ ಕಾಯಿಲೆಗಳು.

ಹಾರಿಸುವವನನ್ನೂ ಪರೀಕ್ಷಿಸದೆ ಬಿಡುವಂತಿಲ್ಲ. ಒದೆತಕ್ಕೆ ಹೆದರಿ ಕುದುರೆ ಎಳೆಯುವ ಮುನ್ನವೇ ಬೆಚ್ಚುವವರಿಗೆ ತಾವು ಬೆಚ್ಚುತ್ತಿದ್ದೇವೆಂದು ಗೊತ್ತಿರುವುದಿಲ್ಲ. ಗೆಳೆಯರೊಬ್ಬರು ಕಣ್ಣಿಗೆ ಕಾಣದಂತೆ ತೋಟಾಗಳ ನಡುವೆ ಒಂದು ಹುಸಿ ತೋಟಾ ಸೇರಿಸಿಕೊಟ್ಟರೆ ಸಾಕು. ಸದ್ದಿಲ್ಲದ ಆ ಕ್ಷಣದಲ್ಲಿ ನಳಿಗೆ ಕುಕ್ಕಿದ್ದು ಎಲ್ಲರಿಗೂ ಕಾಣುತ್ತದೆ.

ಮೂರು ಗುಂಡುಗಳ ಮೋಸ

ಮೂರು ಗುಂಡು ಹಾರಿಸಿ, ಅವು ಹತ್ತಿರ ಬಿದ್ದರೆ 'ಈ ಮದ್ದು ಒಳ್ಳೆಯದು', ದೂರ ಬಿದ್ದರೆ 'ಕೆಟ್ಟದ್ದು' ಎಂದು ತೀರ್ಪು ಕೊಡುವುದು ಹಳೆಯ ರೂಢಿ. ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಯಾವುದನ್ನೂ ಬದಲಿಸದೆ ಒಂದೇ ರೈಫಲ್‌ನಿಂದ ಹಾರಿಸಿದರೂ, ಹತ್ತು ಗುಂಡುಗಳ ಹರವು ಮೂರು ಗುಂಡುಗಳ ಹರವಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ಹೆಚ್ಚಿರುತ್ತದೆ. ಮೂರರಲ್ಲಿ ಒಂದು ಇಂಚು ಕಂಡದ್ದು ಹತ್ತರಲ್ಲಿ 1.6 ಇಂಚಿನ ಆಸುಪಾಸಿಗೆ ಬರುವುದು ಸಹಜ. ಅಂದರೆ 'ಕಳೆದ ವಾರ ಚೆನ್ನಾಗಿತ್ತು, ಈ ವಾರ ಕೆಟ್ಟಿತು' ಎಂಬ ದೂರಿನಲ್ಲಿ ಎಷ್ಟೋ ವೇಳೆ ಕೆಟ್ಟಿರುವುದು ಏನೂ ಇಲ್ಲ. ಕಳೆದ ವಾರದ್ದು ಅದೃಷ್ಟ, ಅಷ್ಟೇ. ಹತ್ತು ಗುಂಡುಗಳ ಎರಡು ಸುತ್ತು ಹಾರಿಸದೆ ಎರಡು ಬಗೆಯ ತೋಟಾಗಳನ್ನು ಹೋಲಿಸುವುದು ನಾಣ್ಯ ಚಿಮ್ಮಿದಂತೆಯೇ.

ತೋಟಾದ ದೋಷ ಎಲ್ಲಿ?

ಇಷ್ಟೆಲ್ಲ ನೋಡಿದ ಮೇಲೂ ಕಾರ್ಖಾನೆಯ ತೋಟಾ ಸರಿಯಾಗಿ ಬಿದ್ದು ಕೈಭರ್ತಿಯದ್ದು ಚದುರುತ್ತಿದ್ದರೆ ಆಗ ತಕ್ಕಡಿಯ ಕಡೆಗೆ ತಿರುಗಬಹುದು. ಮದ್ದನ್ನು ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಇದು ಕಾಳಿನ ಲೆಕ್ಕವಲ್ಲ, ತೂಕ: ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನ್‌ಗೆ ಸುಮಾರು 0.065 ಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕದ ಅರ್ಧ ಎನ್ನಬಹುದು. ಇದರ ಹತ್ತನೇ ಒಂದು ಭಾಗವನ್ನು ಗುರುತಿಸುವ ತಕ್ಕಡಿಗಳು ಈ ಹವ್ಯಾಸದಲ್ಲಿ ಸಾಮಾನ್ಯ.

ಆದರೂ ಮದ್ದಿನ ಏರುಪೇರಿನ ಪರಿಣಾಮವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಸೆಕೆಂಡಿಗೆ 2,600 ಅಡಿ ವೇಗದ ಗುಂಡು 100 ಗಜ ಸಾಗುವಷ್ಟರಲ್ಲಿ ಸುಮಾರು ಮೂರು ಇಂಚು ಕೆಳಗಿಳಿಯುತ್ತದೆ. ವೇಗದಲ್ಲಿ 50 ಅಡಿಯ ವ್ಯತ್ಯಾಸವಾದರೂ ಆ ದೂರದಲ್ಲಿ ಎತ್ತರದ ಅಂತರ ಒಂದು ಇಂಚಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಅದೇ ವ್ಯತ್ಯಾಸ 1,000 ಗಜದಲ್ಲಿ ಒಂದು ಅಡಿಯನ್ನು ಮೀರುತ್ತದೆ. ಆದ್ದರಿಂದ 100 ಗಜದಲ್ಲಿ ಎರಡು ಇಂಚು ಚದುರುವ ಗುಂಡಿಗೆ 'ವೇಗ ಸಮನಾಗಿಲ್ಲ' ಎಂಬ ಸಮಜಾಯಿಷಿ ಸಲ್ಲದು. ಬೇರೆಯದೇ ಕಾರಣ ಹುಡುಕಬೇಕು.

ಆ ಕಾರಣ ಗುಂಡೇ ಆಗಿರಬಹುದು. ಗುಂಡಿನ ಉದ್ದಕ್ಕೂ ನಳಿಗೆಯ ಸುರುಳಿಗೂ ಹೊಂದಾಣಿಕೆ ಇರಲೇಬೇಕು. ಬ್ರಿಟನ್‌ನ ವೂಲಿಚ್‌ನಲ್ಲಿ ಪಾಠ ಹೇಳುತ್ತಿದ್ದ ಗಣಿತಜ್ಞ ಆಲ್‌ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. 0.308 ಇಂಚು ವ್ಯಾಸ, 1.2 ಇಂಚು ಉದ್ದದ ಗುಂಡಿಗೆ ಸುಮಾರು 12 ಇಂಚಿಗೆ ಒಂದು ಸುತ್ತು ಬರುತ್ತದೆ. ಇಂದು ಇದಕ್ಕಿಂತ ಸೂಕ್ಷ್ಮವಾದ ಲೆಕ್ಕಗಳಿದ್ದರೂ ಅಂದಾಜಿಗೆ ಇದು ಸಾಕು. ಸೇನೆಗಳಿಗೂ ಈ ಪಾಠ ತಪ್ಪಿಲ್ಲ. ಅಮೆರಿಕದ ಎಂ-16 ರೈಫಲ್‌ನ ಆರಂಭಿಕ ಮಾದರಿಯಲ್ಲಿ 14 ಇಂಚಿಗೆ ಒಂದು ಸುತ್ತಿತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ ಗುಂಡು ಸ್ಥಿರವಾಗಿರಲಿಲ್ಲವಾಗಿ ಅದನ್ನು 12ಕ್ಕೆ ಇಳಿಸಲಾಯಿತು. 1980ರ ದಶಕದಲ್ಲಿ ಇನ್ನೂ ಉದ್ದದ ಗುಂಡು ಬಂದಾಗ 7 ಇಂಚಿಗೆ ಒಂದು ಸುತ್ತಿನ ನಳಿಗೆ ಬೇಕಾಯಿತು. ಕಾಗದದಲ್ಲಿ ದುಂಡು ರಂಧ್ರದ ಬದಲು ಅಡ್ಡಬಿದ್ದ ಗುಂಡಿನ ಅಚ್ಚು ಮೂಡಿದರೆ ಸುರುಳಿಯ ಅಭಾವವನ್ನು ಮೊದಲು ಶಂಕಿಸಬೇಕು.

ಉಳಿದವು ಸೂಕ್ಷ್ಮ ಸಂಗತಿಗಳು. ಗುಂಡನ್ನು ಕವಚದಲ್ಲಿ ಎಷ್ಟು ಆಳಕ್ಕೆ ಕೂರಿಸಲಾಗಿದೆ, ಅದು ಓರೆಯಾಗಿ ಕೂತಿದೆಯೇ, ಕವಚಗಳು ಒಂದೇ ಕಾರ್ಖಾನೆಯವೇ ಅಥವಾ ಮೈದಾನದಲ್ಲಿ ಹೆಕ್ಕಿ ತಂದ ಬೆರಕೆಯೇ, ಎಷ್ಟು ಸಲ ಬಳಸಿದವು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹಲವು ಸಲ ಹಾರಿಸಿದ ಹಿತ್ತಾಳೆಯ ಕತ್ತು ಪೆಡಸಾಗಿ ಒಂದೊಂದು ಗುಂಡನ್ನು ಒಂದೊಂದು ಬಿಗಿಯಲ್ಲಿ ಹಿಡಿಯುತ್ತದೆ. ಬಿಸಿಲಿನಲ್ಲಿಟ್ಟ ಪೆಟ್ಟಿಗೆ, ಕಾದ ನಳಿಗೆಯಲ್ಲಿ ಹೊತ್ತು ಕಳೆದ ತೋಟಾ ಇವೂ ವೇಗವನ್ನು ಏರಿಸುತ್ತವೆ.

ಎಚ್ಚರಿಕೆಯ ಗಂಟೆ

ನಿಖರತೆಯ ಹುಡುಕಾಟದಲ್ಲಿ ಮದ್ದು ಏರಿಸುವವರು ಕೆಲವು ಲಕ್ಷಣಗಳನ್ನು ಕಡೆಗಣಿಸಬಾರದು. ಬೋಲ್ಟ್ ಎತ್ತಲು ಬಲ ಬೇಕಾದರೆ, ಕೇಪು ಚಪ್ಪಟೆಯಾಗಿ ಹರಡಿದ್ದರೆ, ಕವಚದ ಬುಡದಲ್ಲಿ ಹೊಳೆಯುವ ಒತ್ತುಗುರುತು ಕಂಡರೆ ಒಳಗಿನ ಒತ್ತಡ ಮಿತಿ ಮೀರಿದೆ. ಅಲ್ಲಿಗೇ ನಿಲ್ಲಿಸಬೇಕು; ಉಳಿದ ತೋಟಾಗಳನ್ನು ಹಾರಿಸಿ ಮುಗಿಸುವುದಲ್ಲ, ಬಿಚ್ಚಿ ಬೇರ್ಪಡಿಸಬೇಕು. ಸದ್ದು ಎಂದಿಗಿಂತ ಕ್ಷೀಣವಾಗಿ ಕೇಳಿದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಆಗ ಮುಂದಿನ ತೋಟಾ ಹಾರಿಸಿದರೆ ನಳಿಗೆ ಸಿಡಿಯುವ ಸಂಭವವಿದೆ. ಮದ್ದು ತಯಾರಕರ ಕೈಪಿಡಿಯಲ್ಲಿರುವ ಆರಂಭದ ಪ್ರಮಾಣ ಮತ್ತು ಗರಿಷ್ಠ ಮಿತಿಗಳನ್ನು ಯಾರದೋ ಬಾಯಿಮಾತಿಗಾಗಿ ದಾಟುವಂತಿಲ್ಲ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಇದು ಹವ್ಯಾಸವಾಗಿ ಬೆಳೆದಿಲ್ಲ, ಬೆಳೆಯುವಂತೆಯೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯ. 2019ರ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯ ಬಗ್ಗೆ ಇಲ್ಲಿ ಗೊಂದಲ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ ವಿಸ್ತರಿಸಿದ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದ ಆ ವಿನಾಯಿತಿ ಕೋವಿ ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದೇ ಹೊರತು ತೋಟಾ ತಯಾರಿಕೆಗಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಿಗೂ ಈ ಕಾನೂನೇ ಅನ್ವಯ.

ನಮ್ಮ ಒಲಿಂಪಿಕ್ ಶೂಟರ್‌ಗಳಿಗೂ ತೋಟಾ ತುಂಬುವ ಅವಕಾಶವಿಲ್ಲ, ಕಾರಣ ಮಾತ್ರ ಬೇರೆ. 50 ಮೀಟರ್ ಸ್ಪರ್ಧೆಯ .22 ತೋಟಾದಲ್ಲಿ ಪ್ರತ್ಯೇಕ ಕೇಪು ಇರುವುದಿಲ್ಲ. ಕಿಡಿಯ ರಾಸಾಯನಿಕ ಕವಚದ ಅಂಚಿನೊಳಗೇ ಇದ್ದು, ಒಮ್ಮೆ ಹಾರಿಸಿದರೆ ಆ ಅಂಚು ಜಜ್ಜಿಹೋಗುತ್ತದೆ. ಆದರೂ ನಿಖರತೆಯ ಹುಡುಕಾಟ ಅವರಿಗೂ ತಪ್ಪಿದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಈ ವಿಭಾಗದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ಹೀಗಾಗಿ ಅಗ್ರ ಶೂಟರ್‌ಗಳು ತಮ್ಮ ರೈಫಲ್‌ನೊಂದಿಗೆ ಬ್ರಿಟನ್‌ನ ಈಲಿ, ಫಿನ್‌ಲ್ಯಾಂಡ್ ಮೂಲದ ಲಾಪುವಾ ಮೊದಲಾದ ತಯಾರಕರ ಪರೀಕ್ಷಾ ಕೇಂದ್ರಗಳಿಗೆ ಹೋಗುತ್ತಾರೆ. ಅಲ್ಲಿ ನಳಿಗೆಯನ್ನು ಮ್ಯಾನ್ ಮಾಡಿದಂತೆಯೇ ಅಲುಗದ ಪೀಠಕ್ಕೆ ಬಿಗಿದು, ಒಂದೇ ಹೆಸರಿನ, ಒಂದೇ ಬೆಲೆಯ ತೋಟಾದ ಬೇರೆ ಬೇರೆ ಕಂತುಗಳನ್ನು ಹಾರಿಸಿ ನೋಡುತ್ತಾರೆ. ಯಾವ ಕಂತು ಆ ನಳಿಗೆಗೆ ಒಪ್ಪಿತೋ ಪೆಟ್ಟಿಗೆಯ ಮೇಲಿನ ಅದರ ಸಂಖ್ಯೆಯನ್ನು ಬರೆದುಕೊಂಡು, ಸಾವಿರಗಟ್ಟಲೆ ತೋಟಾಗಳನ್ನು ಒಟ್ಟಿಗೇ ಕೊಂಡುಬಿಡುತ್ತಾರೆ. ಅದೇ ಯಂತ್ರದಿಂದ ಬರುವ ಮುಂದಿನ ಕಂತು ಅದೇ ನಳಿಗೆಗೆ ಒಪ್ಪೀತೆಂಬ ಖಾತರಿ ಕಾರ್ಖಾನೆಗೂ ಇರುವುದಿಲ್ಲ.