ಕಾವಲಿನಲ್ಲಿ ಕಾಲ್ನಡಿಗೆ: ಕೃಷ್ಣಮೃಗದ ಬಯಲನ್ನು ನಡೆದು ನೋಡುವುದು

ಮಾದಿಹಳ್ಳಿ, ಹಳೇಬೀಡಿನ ಕಡೆಯಿಂದ ಜಾವಗಲ್, ಬಾಣಾವರ ದಾಟಿ ಕಡೂರಿನತ್ತ ಹೊರಟರೆ ಮಲೆನಾಡಿನ ಸೆರಗು ಹಿಂದೆ ಸರಿದು ಬಯಲುಸೀಮೆ ತೆರೆದುಕೊಳ್ಳುತ್ತದೆ. ತೆಂಗಿನ ತೋಟ, ರಾಗಿ ಹೊಲಗಳ ನಡುವೆ ಅಲ್ಲಲ್ಲಿ ಹುಲ್ಲು, ಕುರುಚಲು ಜಾಲಿ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು, ಎಂದರೆ ದನದ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲು, ಇಂಥದ್ದೇ ಬಯಲು, ಕೃಷ್ಣಮೃಗಗಳ ನೆಲೆ. ಆಫ್ರಿಕಾದ ಹುಲ್ಲುಗಾಡನ್ನು ಟಿ.ವಿ.ಯಲ್ಲಿ ಕಣ್ಣರಳಿಸಿ ನೋಡುವ ನಾವು, ಮನೆ ಹತ್ತಿರದ ಈ ಹುಲ್ಲುಗಾಡನ್ನು ಬೀಳು ಎಂದು ದಾಟಿಹೋಗುತ್ತೇವೆ. ಇದು ಬೇಸರದ ಮಾತು. ಆಫ್ರಿಕಾದಲ್ಲಿ ನೋಡುವ ಹಾಗೆ ಇದನ್ನೂ ನಡೆದೇ ನೋಡಬೇಕು.

## ನಡಿಗೆ ಸಫಾರಿಯ ಮೂಲ

ಕಾಡುಪ್ರಾಣಿಗಳ ನಡುವೆ ಮಾರ್ಗದರ್ಶಿಯ ಹಿಂದೆ ಸಾಲಾಗಿ ನಡೆಯುವ ಪದ್ಧತಿಗೆ ಹೆಸರಾದದ್ದು ಇಂದಿನ ಜಾಂಬಿಯಾದ ಲುವಾಂಗ್ವಾ ಕಣಿವೆ. ನಾರ್ಮನ್ ಕಾರ್ 1950ರ ದಶಕದಲ್ಲಿ ಅಲ್ಲಿ ಅದನ್ನು ಬೆಳೆಸಿದರು. ದಕ್ಷಿಣ ಆಫ್ರಿಕಾದ ಉಂಫೊಲೋಜಿಯಲ್ಲಿ ಇಯಾನ್ ಪ್ಲೇಯರ್ 1959ರಲ್ಲಿ ಇಂಥ ನಡಿಗೆ ಶುರುಮಾಡಿದರು. ಕ್ರೂಗರ್ ಉದ್ಯಾನಕ್ಕೆ ಅದು 1978ರಲ್ಲಿ ಬಂತು. ಸಣ್ಣ ತಂಡ, ಮುಂದೆ ಬಂದೂಕು ಹಿಡಿದ ಮಾರ್ಗದರ್ಶಿ, ಮಾತಿಲ್ಲದ ನಡಿಗೆ. ನಮ್ಮ ಬಂಡೀಪುರ, ನಾಗರಹೊಳೆಗಳ ಸಫಾರಿಯಲ್ಲಿ ಪ್ರವಾಸಿಗರು ವಾಹನದಿಂದ ಇಳಿಯುವಂತಿಲ್ಲ. ಆನೆ, ಹುಲಿಗಳ ಆ ದಟ್ಟ ಕಾಡಿಗೆ ಅದೇ ಸರಿ. ದೂರದವರೆಗೆ ಕಣ್ಣು ಹಾಯುವ ಬಯಲಿಗೆ ಒಗ್ಗುವುದು ಕಾಲ್ನಡಿಗೆ.

## ಕಾವಲು ಉಳಿದ ಕಥೆ

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಎಂಬ ದನಸಾಕಣೆಯ ಇಲಾಖೆ ಟಿಪ್ಪುವಿನ ಕಾಲಕ್ಕೆ 'ಅಮೃತ ಮಹಲ್' ಆಯಿತು. ಸೈನ್ಯದ ಗಾಡಿ, ಫಿರಂಗಿ ಎಳೆಯುವ ಎತ್ತುಗಳ ಮೇವಿಗಾಗಿ ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಕಾವಲುಗಳನ್ನು ಮೀಸಲಿಟ್ಟರು. ನೇಗಿಲು ತಾಗದೆ ಉಳಿದ ಆ ನೆಲದಲ್ಲಿ ದನದ ಜೊತೆ ಕೃಷ್ಣಮೃಗವೂ ಉಳಿಯಿತು. ಆಮೇಲೆ ಒತ್ತುವರಿ, ಮಂಜೂರಾತಿ, ನೀಲಗಿರಿ ನೆಡುತೋಪುಗಳಿಗೆ ಎಷ್ಟೋ ಕಾವಲು ಹೋದವು. ಚಳ್ಳಕೆರೆ ಬಳಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಬಾಸೂರಿನ ಸುಮಾರು 7.36 ಚದರ ಕಿ.ಮೀ. 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ 2007ರಲ್ಲೇ ಆ ರಕ್ಷಣೆ ಸಿಕ್ಕಿತ್ತು. ಮರವಿಲ್ಲದ ನೆಲಕ್ಕೆಲ್ಲ ಸಸಿ ನೆಟ್ಟರೆ ಪುಣ್ಯ ಎಂಬ ನಂಬಿಕೆ ಹುಲ್ಲುಗಾವಲಿಗೆ ಒತ್ತುವರಿಯಷ್ಟೇ ಕೆಡುಕು ಮಾಡಿದೆ.

## ಹೇಗೆ ನಡೆಯಬೇಕು

ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿ, ಗಾರ್ಡ್ ಅಥವಾ ವಾಚರ್ ಜೊತೆಗೇ ಹೋಗಬೇಕು. ಬೆಳಗಿನ ಎಳೆಬಿಸಿಲು ಒಳ್ಳೆಯ ಹೊತ್ತು. ಕೃಷ್ಣಮೃಗದ ಕಣ್ಣು ಬಲು ಚುರುಕು. ನಾವು ಕಾಣುವ ಮೊದಲೇ ಅದು ನಮ್ಮನ್ನು ಕಂಡಿರುತ್ತದೆ. ನೇರ ಅದರತ್ತ ನಡೆದರೆ ಓಡುತ್ತದೆ. ಎಲ್ಲಿಗೋ ಹೋಗುವವರಂತೆ ಓರೆಯಾಗಿ ನಡೆದರೆ ಮೇಯುತ್ತಲೇ ಇರುತ್ತದೆ. ಹಿಂಡು ತಲೆ ಎತ್ತಿತೋ, ಅಲ್ಲೇ ನಿಲ್ಲಬೇಕು. ಗಾಬರಿಗೊಂಡರೆ ಒಂದು ಹೆಣ್ಣು ನಾಲ್ಕೂ ಕಾಲೆತ್ತಿ ಚಿಮ್ಮುತ್ತದೆ, ಹಿಂದೆಯೇ ಉಳಿದವೂ ಚಿಮ್ಮಿ ಓಡುತ್ತವೆ. ಚೀತಾದಿಂದ ತಪ್ಪಿಸಿಕೊಳ್ಳಲು ಪಳಗಿದ ಓಟ ಅದು. ಭಾರತದಲ್ಲಿ ಚೀತಾ ನಿರ್ನಾಮವಾಯಿತೆಂದು 1952ರಲ್ಲಿ ಘೋಷಿಸಿದರು. 2022ರಲ್ಲಿ ನಮೀಬಿಯಾದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ನಮ್ಮ ಕಾವಲಿನ ಕೃಷ್ಣಮೃಗ ಮಾತ್ರ ಇಂದಿಗೂ ಅದೇ ವೇಗದಲ್ಲಿ ಓಡುತ್ತದೆ.

ಪ್ರಾಣಿ ದೂರವಿದ್ದಾಗ ನೆಲ ನೋಡಬೇಕು. ಗಂಡು ತನ್ನ ಗಡಿಯೊಳಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ರಾಶಿಯ ಮೇಲಿನ ಹೊಸ ಹಿಕ್ಕೆ ಕಪ್ಪಗೆ ಮಿರುಗುತ್ತದೆ, ಅಡಿಯದು ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗಿರುತ್ತದೆ. ಹತ್ತಿರದ ಕಡ್ಡಿಯ ತುದಿಯಲ್ಲಿ ಕಪ್ಪನೆ ಅಂಟು ಕಂಡರೆ ಅದು ಕಣ್ಣಿನ ಬಳಿಯ ಗ್ರಂಥಿಯಿಂದ ಗಂಡು ಒರೆಸಿಟ್ಟ ವಾಸನೆಯ ಗುರುತು. ಎರಡನ್ನೂ ಮುಟ್ಟದೆ, ತುಳಿಯದೆ ಮುಂದೆ ಹೋಗಬೇಕು. ತಾಯಿ ಮೊದಲ ದಿನಗಳಲ್ಲಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಒಂಟಿಯಾಗಿ ಮಲಗಿದ ಮರಿ ಅನಾಥವಲ್ಲ. ಅದನ್ನು ಎತ್ತಿಕೊಂಡು ಬಂದು ಕಾಪಾಡಿದೆವೆಂದುಕೊಳ್ಳುವುದು ದೊಡ್ಡ ಅನ್ಯಾಯ. ಸಾಕುನಾಯಿಯನ್ನಂತೂ ಕರೆದೊಯ್ಯಲೇಬಾರದು.

## ಹುಲ್ಲಿನ ಇತರ ನೆಂಟರು

ಟಿಟ್ಟಿಭ ಹಕ್ಕಿ ಬರಿನೆಲದ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತ ಕಿರುಚಿದರೆ, ಹೆಜ್ಜೆ ನೋಡಿಕೊಂಡು ಹಿಂದೆ ಸರಿಯಿರಿ. ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳು ಹುಲ್ಲುಗಾವಲಿಗೆ ಬರುತ್ತವೆ. ಹಗಲು ಹುಲ್ಲಿನ ತುದಿಗೆ ತಾಗುವಷ್ಟು ಕೆಳಗೆ ಹಾರಿ ಬೇಟೆಯಾಡಿ, ಸಂಜೆ ನೆಲದ ಮೇಲೇ ತಂಗುತ್ತವೆ. ಹುಲ್ಲಿಗೆ ಬೆಂಕಿ ಬಿದ್ದರೆ ಆ ತಂಗುದಾಣವೂ ಹೋಯಿತು.

## ಅಂಚಿನ ಹೊಲಗಳು

ನಡಿಗೆ ಕಾವಲಿನ ಗಡಿಗೆ ಬಂದಾಗ ಹೊಲದವರನ್ನೂ ಮಾತನಾಡಿಸಬೇಕು. ಕೃಷ್ಣಮೃಗಕ್ಕೆ ಕಾವಲಿನ ಗಡಿ ಗೊತ್ತಿಲ್ಲ. ಹುರುಳಿ, ಕಡಲೆ, ರಾಗಿ ಪೈರಿಗೆ ಹಿಂಡೇ ನುಗ್ಗುತ್ತದೆ. ಬೆಳೆಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ಅರ್ಜಿ, ಪಹಣಿ, ಫೋಟೋ ಎಂದು ಓಡಾಡಬೇಕಾದವರು ಬೆಳೆ ಕಳೆದುಕೊಂಡವರೇ. ಸಂರಕ್ಷಣಾ ಮೀಸಲು ಘೋಷಿಸುವ ಮೊದಲು ಸುತ್ತಲಿನ ಜನರ ಜೊತೆ ಸಮಾಲೋಚಿಸಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗೂ ಜಾಗವಿದೆ. ಪರಿಹಾರದ ವಿಳಂಬ, ನಾಯಿಕಾಟ, ಬೇಸಿಗೆಯ ಬೆಂಕಿ, ಮೇವಿನ ಹಕ್ಕು, ಇವೆಲ್ಲ ಅಲ್ಲಿ ಚರ್ಚೆಗೆ ಬರಬೇಕಾದ ವಿಷಯಗಳು.