ಕಂಬಳಿಯೂ ರತ್ನಗಂಬಳಿಯೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಒಂದು ಮಳೆಗಾಲವನ್ನಾದರೂ ಕಳೆದ ವಾಚಕರಿಗೆ ಕರಿಯ ಕಂಬಳಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದುಂಟು. ಹೊಸನಗರದ ಹುಲಿಕಲ್ಲು ಅದಕ್ಕೆ ಸರಿಗಟ್ಟುವ ಸ್ಥಳ. ಅಂತಹ ಮಳೆಯಲ್ಲಿ ನಟ್ಟಿಯ ಗದ್ದೆಗೂ ಅಡಕೆಯ ತೋಟಕ್ಕೂ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಕಂಬಳಿಕೊಪ್ಪೆಯೇ ಮನೆಯ ಮಾಡಿನಂತಿದ್ದಿತು. ಆದರೆ ಆ ಕಂಬಳಿಯು ಮಲೆನಾಡಿನಲ್ಲಿ ಹುಟ್ಟಿದುದಲ್ಲ. ಕುರಿಯು ಒಣನೆಲದ ಪ್ರಾಣಿ. ಚಳ್ಳಕೆರೆ, ರಾಣಿಬೆನ್ನೂರುಗಳ ಬಯಲಿನಲ್ಲಿ ಕುರುಬರು ನೇಯ್ದುದನ್ನು ಮಳೆಯ ನಾಡು ಕೊಂಡು ಹೊದೆಯಿತು. ಮಳೆಯನ್ನೇ ಕಾಣದ ಸೀಮೆಯ ಕೈಗಳು ಮಳೆಯ ಸೀಮೆಯನ್ನು ಬೆಚ್ಚಗಿಟ್ಟುವೆಂಬುದು ನೆನೆಯತಕ್ಕ ಸಂಗತಿ.

ನೆಲಕ್ಕೆ ಹಾಸುವ ಚಿತ್ರಮಯವಾದ ಉಣ್ಣೆಯ ಹಾಸಿಗೆಗೆ ನಮ್ಮ ಭಾಷೆಯು ರತ್ನಗಂಬಳಿಯೆಂದು ಹೆಸರಿಟ್ಟಿದೆ. ಅದನ್ನು ಕಂಬಳಿಯ ಕುಲಕ್ಕೇ ಸೇರಿಸಿದ ಈ ಹೆಸರು ಬಹಳ ಯುಕ್ತವಾದುದು. ಅಂತಹ ರತ್ನಗಂಬಳಿಯ ಕುಲವೊಂದು ಹಿಮಾಲಯದಾಚೆಯಿಂದ ನಮ್ಮ ನೆರೆಗೇ ಬಂದು ನೆಲಸಿದ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

1959ರಲ್ಲಿ ದಲಾಯಿ ಲಾಮಾ ಅವರು ತಿಬೇಟನ್ನು ತೊರೆದು ಭಾರತಕ್ಕೆ ಬಂದರು. ಸಹಸ್ರಾರು ಜನರು ಅವರನ್ನು ಹಿಂಬಾಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಡಾರ್ಜಿಲಿಂಗಿನಲ್ಲಿ ನಿರಾಶ್ರಿತರ ಸ್ವಾವಲಂಬನ ಕೇಂದ್ರವೊಂದು ಸ್ಥಾಪಿತವಾಗಿ, ಅಲ್ಲಿ ರತ್ನಗಂಬಳಿಯ ಮಗ್ಗಗಳೆದ್ದವು. ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಅವರಿಗೆ ಕಾಡುಭೂಮಿಯನ್ನು ಕೊಟ್ಟಿತು. 1966ರಲ್ಲಿ ಮುಂಡಗೋಡಿನಲ್ಲಿಯೂ ವಸತಿಯಾಯಿತು. ಸಾಗರದವರಿಗೆ ಮುಂಡಗೋಡು ದೂರದೇಶವಲ್ಲ; ಸಿರಸಿಯನ್ನು ದಾಟಿದರೆ ಬಂದಿತು. ಕಾಡನ್ನು ಕಡಿದು ಮೆಕ್ಕೆಜೋಳವನ್ನು ಬಿತ್ತಿದ ಆ ಜನರು, ಸಹಕಾರ ಸಂಘಗಳ ಆಶ್ರಯದಲ್ಲಿ ಮಗ್ಗವನ್ನೂ ಹೂಡಿದರು. ದೇಶವನ್ನು ಬಿಟ್ಟು ಬಂದವರಿಗೆ ಗಂಟಿನಲ್ಲಿ ಹೊರಲು ಎಡೆಯಿರಲಿಲ್ಲ. ಕಸುಬು ಮಾತ್ರ ಕೈಯಲ್ಲಿಯೇ ಬಂದಿತ್ತು.

ಆ ಕಸುಬಿನ ಕ್ರಮವಿದು. ಎತ್ತರದ ಚಳಿಸೀಮೆಯ ಕುರಿಯ ಉಣ್ಣೆಯು ನೀಳವಾಗಿ, ಸಹಜವಾದ ಜಿಡ್ಡಿನಿಂದ ಹೊಳಪುಳ್ಳದ್ದಾಗಿರುವುದು. ಅದನ್ನು ತೊಳೆದು, ಹಿಂಜಿ, ಕೈಯಿಂದಲೇ ನೂಲುವರು. ಕೈನೂಲು ಎಲ್ಲೆಡೆಯೂ ಸಮವಾಗಿರದ ಕಾರಣ ಬಣ್ಣವನ್ನು ಒಂದೆಡೆ ಗಾಢವಾಗಿಯೂ ಒಂದೆಡೆ ತಿಳಿಯಾಗಿಯೂ ಹೀರುವುದು. ಹಳೆಯ ಗಂಬಳಿಗಳ ಸೊಗಸಿಗೆ ಇದೇ ಮೂಲ. ಕೆಂಪಿಗೆ ಮಂಜಿಷ್ಠ, ಹಳದಿಗೆ ರೇವಲಚಿನ್ನಿ, ಕಂದಿಗೆ ಅಕ್ರೋಟದ ಸಿಪ್ಪೆ. ನೀಲಿ ಮಾತ್ರ ಭಾರತದಿಂದ ಅಲ್ಲಿಗೆ ಹೋಗುತ್ತಿದ್ದಿತು. 20ನೆಯ ಶತಮಾನದ ಆರಂಭದಲ್ಲಿ ರಸಾಯನದ ಬಣ್ಣಗಳೂ, ತರುವಾಯ ಉಣ್ಣೆಯ ಹಾಸಿಗೆ ಬದಲಾಗಿ ಹತ್ತಿಯ ಹಾಸೂ ಬಳಕೆಗೆ ಬಂದುವು.

ಮಗ್ಗವು ನೆಟ್ಟಗೆ ನಿಲ್ಲುವಂಥದು. ಪಾರಸೀಕ ದೇಶದಲ್ಲಿ ಒಂದೊಂದು ಗಂಟನ್ನೂ ಬೇರೆಬೇರೆಯಾಗಿ ಕಟ್ಟಿ ಕೊಯ್ಯುವುದು ವಾಡಿಕೆ. ತಿಬೇಟಿನವರು ಹಾಸಿನ ಎಳೆಗಳ ಮುಂದೆ ಸಲಾಕೆಯೊಂದನ್ನು ಅಡ್ಡಲಾಗಿ ಹಿಡಿದು, ನೂಲನ್ನು ಎಳೆಗಳಿಗೂ ಸಲಾಕೆಗೂ ಸೇರಿಸಿ ಸುತ್ತುತ್ತ ಸಾಗುವರು. ಬಣ್ಣ ಬದಲಾಗುವ ತನಕ ನೂಲನ್ನು ಕಡಿಯುವುದಿಲ್ಲ. ಸಾಲು ಮುಗಿದೊಡನೆ ಸಲಾಕೆಯನ್ನು ಸುತ್ತಿಗೆಯಿಂದ ಬಡಿದು ಕೆಳಕ್ಕಿಳಿಸಿ, ಅದರ ಮೇಲೆ ಚಾಕುವನ್ನು ಒಮ್ಮೆ ಎಳೆದರೆ, ಕುಣಿಕೆಗಳೆಲ್ಲ ಕತ್ತರಿಸಿ ಉಣ್ಣೆಯು ತೆನೆಯಂತೆ ನಿಲ್ಲುವುದು. ಸಲಾಕೆಯ ದಪ್ಪವೇ ಗಂಬಳಿಯ ದಪ್ಪಕ್ಕೆ ಅಳತೆ. ಬಳಿಕ ಹೊಕ್ಕನ್ನು ಹಾಯಿಸಿ, ಹಣಿಗೆಯಿಂದ ಬಡಿದು, ಮುಂದಿನ ಸಾಲಿಗೆ ತೊಡಗುವರು. ಕಟ್ಟಕಡೆಗೆ ಕತ್ತರಿಯಿಂದ ಚಿತ್ರದ ಅಂಚನ್ನು ಸವರಿ ಮೆರುಗಿಡುವರು. ಮಲಗಲು ಹಾಸುವ ಸಾಮಾನ್ಯ ಗಂಬಳಿಯು ಸುಮಾರು 3 ಅಡಿ ಅಗಲ, 6 ಅಡಿ ಉದ್ದವಿರುವುದು. ಕಮಲ, ಸರ್ಪಮೃಗ, ಹಿಮಸಿಂಹ, ಹುಲಿಯ ಪಟ್ಟೆ ಇವು ಅದರ ಚಿತ್ರಗಳು. ನಮ್ಮ ತಪಸ್ವಿಗಳ ವ್ಯಾಘ್ರಾಸನವನ್ನು ಬಲ್ಲವರಿಗೆ ಲಾಮಾಗಳು ಕೂರುವ ಆ ಹುಲಿಗಂಬಳಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಕುರುಬರ ಕಂಬಳಿಗೆ ಬಣ್ಣವೂ ಇಲ್ಲ, ಗಂಟೂ ಇಲ್ಲ. ವರ್ಷಕ್ಕೆರಡು ಬಾರಿ ಕತ್ತರಿಸಿದ ಒರಟಾದ ಕರಿಯುಣ್ಣೆಯನ್ನು ಹೆಂಗಸರು ನೂತು, ಹಾಸಿಗೆ ಹುಣಸೆಬೀಜದ ಅಂಟನ್ನು ಬಳಿದು, ಗಂಡಸರು ಕುಳಿಮಗ್ಗದಲ್ಲಿ ನೇಯುತ್ತಿದ್ದರು. ಉಣ್ಣೆಯು ತನ್ನ ತೂಕದ 100ಕ್ಕೆ ಸುಮಾರು 30 ಪಾಲಿನಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು. ಕೊಪ್ಪೆಯ ಗುಟ್ಟು ಇದೇ. ಇದೂ ಕೇವಲ ಹೊದಿಕೆಯಾಗಿರಲಿಲ್ಲ. ದೇವರನ್ನು ಕೂರಿಸಲು ಹಾಸುವ ಕರಿಯ ಕಂಬಳಿಯ ಗದ್ದುಗೆಯನ್ನು ಯಾರು ತಾನೆ ಅರಿಯರು? ಹುಲಿಗಂಬಳಿಗೆ ಅಲ್ಲಿದ್ದ ಮಾನವೇ ಇದಕ್ಕೆ ಇಲ್ಲಿದ್ದಿತು.

ಆದರೆ ಎರಡರ ಗತಿಯೂ ಒಂದೇ ಆಗಲಿಲ್ಲ. ನೆಲವನ್ನು ಕಳೆದುಕೊಂಡವರಿಗೆ ಕಸುಬೇ ತಾಯ್ನೆಲದ ಗುರುತಾಗಿ, ನೇಯುವವನನ್ನೂ ಕೊಳ್ಳುವವನನ್ನೂ ಕೂಡಿಸುವ ಸಂಸ್ಥೆಗಳು ಹುಟ್ಟಿದವು. ನೆಲವನ್ನು ಕಳೆದುಕೊಳ್ಳದ ನಾವು ಕಂಬಳಿಯನ್ನು ಸಂತೆಯ ಪಾಲಿಗೆ ಬಿಟ್ಟೆವು. ಉಣ್ಣೆಗಿಂತ ಮಾಂಸಕ್ಕೆ ಬೆಲೆಯೇರಿ, ಉಣ್ಣೆ ಕಡಮೆಯಿರುವ ತಳಿಗಳು ಹಿಂಡನ್ನು ಸೇರಿದವು. ಪ್ಲಾಸ್ಟಿಕ್ಕಿನ ಹೊದಿಕೆ ಅಗ್ಗಕ್ಕೆ ಸಿಕ್ಕಿತು. ತಿಬೇಟಿನವರ ವಸತಿಗಳಲ್ಲಿಯೂ ಈಗ ತರುಣರು ಬೇರೆ ಉದ್ಯೋಗಗಳನ್ನರಸುತ್ತಿರುವರು. ಮಗ್ಗದ ಮುಂದೆ ಕೂರುವವರು ವಿರಳರಾಗಿದ್ದಾರೆ. ಬೀಳುವುದರಲ್ಲಿ ಮಾತ್ರ ಎರಡೂ ಒಂದೇ ದಾರಿಯನ್ನು ಹಿಡಿದಂತಿದೆ.

ಸಾಮ್ರಾಜ್ಯಗಳ ಚರಿತ್ರೆಗೆ ಶಾಸನಗಳುಂಟು. ಕಂಬಳಿಗೆ ಶಾಸನವನ್ನು ಬರೆಯಿಸಿದವರಿಲ್ಲ. ನಮ್ಮ ಸೀಮೆಯ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಒಂದೆರಡು ಕೊಪ್ಪೆಗಳು ಮಡಿಸಿಟ್ಟಂತೆಯೇ ಇರಬಹುದು. ಅವುಗಳನ್ನು ಬಿಡಿಸಿ, ಯಾವ ಊರಿನಿಂದ ಬಂದುವು, ಯಾರು ತಂದರು, ಎಷ್ಟು ಮಳೆಗಾಲ ಬಾಳಿದವು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು ನಮ್ಮಿಂದಾಗುವ ಕೆಲಸ. ಹೇಳಬಲ್ಲ ಬಾಯಿಗಳು ಇರುವಾಗಲೇ ಅದು ಆಗಬೇಕು.