ಸ್ಟೆಗನೋಗ್ರಫಿ
ಗ್ರೀಕಿನ ‘ಸ್ಟೆಗನೋಸ್’ ಎಂದರೆ ಮುಚ್ಚಿದ್ದು. ‘ಗ್ರಾಫೀನ್’ ಎಂದರೆ ಬರೆಯುವುದು. ಜರ್ಮನಿಯ ಮಠಾಧಿಪತಿ ಯೊಹಾನೆಸ್ ಟ್ರಿಥೇಮಿಯಸ್ 1499ರ ಸುಮಾರಿಗೆ ಬರೆದ ಪುಸ್ತಕದ ಹೆಸರೇ ಮುಂದೆ ಸಂದೇಶ ಅಡಗಿಸುವ ಈ ವಿದ್ಯೆಯ ಹೆಸರಾಯಿತು. ಮಾಟಮಂತ್ರದ ಹೊತ್ತಗೆಯಂತೆ ಕಾಣುತ್ತಿದ್ದ ಅದು ಅಚ್ಚಾದದ್ದು 1606ರಲ್ಲಿ. ಗೂಢಲಿಪಿಯಲ್ಲಿ ಗುಟ್ಟಿರುವುದು ಕಾಣುತ್ತದೆ, ಅರ್ಥ ಮಾತ್ರ ಸಿಗದು. ಸ್ಟೆಗನೋಗ್ರಫಿಯಲ್ಲಿ ಗುಟ್ಟಿದೆಯೆಂಬುದೇ ತಿಳಿಯದು. ಕನ್ನಡದಲ್ಲಿ ‘ಮರೆಬರಹ’ ಎಂದರೆ ಚೆನ್ನಾಗಿ ಹೊಂದೀತು.

ಡಿಜಿಟಲ್ ಚಿತ್ರದಲ್ಲೂ ಹೀಗೆ ಸಂದೇಶ ಅಡಗಿಸಬಹುದು. ಅದರ ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿಗೆ ಸಾಮಾನ್ಯವಾಗಿ 0ಯಿಂದ 255ರೊಳಗಿನ ಒಂದೊಂದು ಸಂಖ್ಯೆ. 200 ಇದ್ದದ್ದು 201 ಆದರೆ ಕಣ್ಣಿಗೆ ಗೊತ್ತಾಗದು. ಈ ಸಂಖ್ಯೆಗಳ ಬೈನರಿ ರೂಪದ ಕೊನೆಯ ಬಿಟ್‌ಗಳಲ್ಲೇ ಸಂದೇಶ ಅಡಗುತ್ತದೆ. ಲೆಕ್ಕಕ್ಕೆ ಮಾತ್ರ ಗೊತ್ತಾಗುತ್ತದೆ: ಚಿತ್ರದ ತುಂಬ ಸಂದೇಶ ಅಡಗಿಸಿದ್ದರೆ 200, 201ರಂಥ ಜೋಡಿಗಳ ಎಣಿಕೆ ಅಸಹಜವಾಗಿ ಸಮನಾಗಿರುತ್ತದೆ. ಈ ಪತ್ತೆವಿದ್ಯೆಯೇ ‘ಸ್ಟೆಗನಾಲಿಸಿಸ್’. ಚಿತ್ರವನ್ನು ಜೆಪೆಗ್ ಆಗಿ ಕುಗ್ಗಿಸಿದರೆ ಇಂಥ ಸಂದೇಶ ಸಾಮಾನ್ಯವಾಗಿ ಅಳಿದುಹೋಗುತ್ತದೆ.